ಹಾಲುಹಲ್ಲಿಗೆ ಕೊಳಲು ಬೇಡ

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನವೀ ಮುಂಬಯಿಯ ಕೋಪರಖೈರಣೆಯ ಬಿಲ್ಡಿಂಗುಗಳ ಗೇಟಿನ ಮೇಲೆ, ಝೆರಾಕ್ಸ್ ಅಂಗಡಿಗಳ ಗೋಡೆಯ ಮೇಲೆ ಸಂಗೀತ ಕ್ಲಾಸುಗಳ ಚೀಟಿಗಳು ಅಂಟಿಕೊಳ್ಳುತ್ತವೆ. ಕೀಬೋರ್ಡ್, ಗಿಟಾರ್, ತಬಲಾ, ಕೊಳಲು, ಈಚೆಗೆ ಸ್ಯಾಕ್ಸೋಫೋನ್ ಕೂಡ. ಎಲ್ಲಕ್ಕೂ ಒಂದೇ ಸಾಲು: ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳಿಗೆ. ಈ ಸಾಲಿನ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಅಪ್ಪ ಅಮ್ಮಂದಿರ ಮನಸ್ಸಿನಲ್ಲಿರುವುದೂ ಅದೇ. ಬೇಗ ಕೂರಿಸಿದರೆ ಬೇಗ ಬರುತ್ತದೆ, ತಡವಾದರೆ ಬೆರಳು ಬಗ್ಗುವುದಿಲ್ಲ, ಕಿವಿ ತೆರೆಯುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ.

ನಾನು ಇಲ್ಲಿ ಕೊಳಲು ಹೇಳಿಕೊಡುತ್ತೇನೆ. ಬಂಟ್ವಾಳದ ಕಡೆಯವರು, ಕುಮಟೆ ಹೊನ್ನಾವರದವರು, ವಿಜಯಪುರ ಕಲಬುರಗಿಯಿಂದ ಬಂದು ನೆಲೆಸಿದವರು, ಮಹಾಪೆಯ ಕಂಪನಿಗಳಲ್ಲಿ ಕೆಲಸ ಮಾಡುವ ಬೆಂಗಳೂರಿನ ದಂಪತಿಗಳು, ಎಲ್ಲರೂ ಕೇಳುವುದು ಒಂದೇ ಮಾತು. "ಟೀಚರ್, ಯುಕೆಜಿ ಮುಗೀತು, ಈಗಲೇ ಶುರು ಮಾಡದಿದ್ರೆ ಮತ್ತೆ ಲೇಟಾಗ್ತದಲ್ಲ?" ಆಗುವುದಿಲ್ಲ. ಊದುವ ವಾದ್ಯಕ್ಕೆ ಐದಾರು ವರ್ಷ ಸರಿಯಾದ ವಯಸ್ಸೇ ಅಲ್ಲ. ಅದು ಸರಿಯಾದ ವಯಸ್ಸು ಎಂದು ಹೇಳುತ್ತಿರುವವರು ಮಕ್ಕಳಿಂದ ಸಂಗೀತವನ್ನೇ ಕಿತ್ತುಕೊಳ್ಳುತ್ತಿದ್ದಾರೆ.

ಈ ನಂಬಿಕೆ ಬಂದದ್ದು ಎಲ್ಲಿಂದ ಎಂದು ನೋಡಿದರೆ, ಅದು ಪಿಯಾನೊ ಮತ್ತು ವಯೊಲಿನ್‌ನಿಂದ ಬಂದದ್ದು. ಜಪಾನಿನ ಶಿನಿಚಿ ಸುಜುಕಿ ಮೂರು ನಾಲ್ಕು ವರ್ಷದ ಮಕ್ಕಳ ಕೈಗೆ ವಯೊಲಿನ್ ಕೊಟ್ಟು, ಮಾತು ಕಲಿಯುವ ಹಾಗೆಯೇ ಸಂಗೀತ ಕಲಿಸಬಹುದು ಎಂದು ತೋರಿಸಿದರು. ಆ ಮಾತಿನಲ್ಲಿ ಸತ್ಯವಿದೆ. ಆದರೆ ವಯೊಲಿನ್‌ಗೆ ಇರುವ ಒಂದು ಅನುಕೂಲ ಕೊಳಲಿಗೆ ಇಲ್ಲ. ವಯೊಲಿನ್ನನ್ನು ಕಾಲು ಅಳತೆಗೆ, ಹದಿನಾರನೇ ಒಂದು ಅಳತೆಗೆ ಕುಗ್ಗಿಸಿ ಮಾಡಿದರೂ ತಂತಿಗಳ ಶ್ರುತಿ ದೊಡ್ಡ ವಯೊಲಿನ್ನಿನದೇ ಇರುತ್ತದೆ. ಕೊಳಲನ್ನು ಕುಗ್ಗಿಸಿದರೆ ಶ್ರುತಿಯೇ ಏರಿಬಿಡುತ್ತದೆ, ಏಕೆಂದರೆ ಕೊಳಲಿನ ಸ್ವರವೆಂದರೆ ಆ ಬಿದಿರಿನೊಳಗಿನ ಗಾಳಿಯ ಉದ್ದ. ಹಾರ್ಮೋನಿಯಂನ ಬಿಳಿ ಮೂರರ ಶ್ರುತಿಯಲ್ಲಿ ಹಿಂದೂಸ್ತಾನಿ ಬಾನ್ಸುರಿ ಬೇಕೆಂದರೆ ಸುಮಾರು 30 ಇಂಚು ಬಿದಿರು ಬೇಕೇ ಬೇಕು. ಮಗುವಿಗೆಂದು 13, 14 ಇಂಚಿನ ಕೊಳಲು ತಂದರೆ ಅದು ಚಿಕ್ಕದಾದ ಅದೇ ವಾದ್ಯವಾಗುವುದಿಲ್ಲ. ತೂತುಗಳ ಅಂತರ ಬೇರೆ, ತುಟಿಯ ಬಿಗಿ ಬೇರೆ. ಉಸಿರು ಸ್ವಲ್ಪ ಹೆಚ್ಚಾದರೂ ಕೀಚಲು, ಕಡಿಮೆಯಾದರೆ ಶ್ರುತಿ ಜಾರುತ್ತದೆ. ಮುಂದೆ ದೊಡ್ಡ ಕೊಳಲಿಗೆ ಹೋದಾಗ ಕೈಯನ್ನೂ ಬಾಯನ್ನೂ ಹೊಸದಾಗಿ ತಿದ್ದಬೇಕು. ಕೀಬೋರ್ಡಿನಲ್ಲಿ ಮಗು ಬೆರಳಿಟ್ಟರೆ ಷಡ್ಜ ಷಡ್ಜವೇ. ಊದುವ ವಾದ್ಯದಲ್ಲಿ ಆ ನಾದವನ್ನು ಮಗುವಿನ ತುಟಿ, ಹಲ್ಲು, ನಾಲಿಗೆ, ಎದೆ ಸೇರಿ ಹುಟ್ಟಿಸಬೇಕು. ಆ ಮೈ ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿರುತ್ತದೆ.

ಹಲ್ಲಿನಿಂದಲೇ ಶುರುಮಾಡುತ್ತೇನೆ. ಆರು ಏಳು ವರ್ಷಕ್ಕೆ ಮುಂದಿನ ಹಾಲುಹಲ್ಲುಗಳು ಅಲುಗಾಡಿ ಉದುರುತ್ತವೆ. ಮೇಲಿನ ಎರಡು ದೊಡ್ಡ ಹಲ್ಲು ಪೂರ್ತಿ ಇಳಿಯುವುದು ಏಳೆಂಟು ವರ್ಷಕ್ಕೆ, ಅವುಗಳ ಪಕ್ಕದವು ಎಂಟೊಂಬತ್ತಕ್ಕೆ. ಕೊಳಲು ಊದುವಾಗ ತುಟಿಯ ಹಿಂದೆ ಗೋಡೆಯಾಗಿ ನಿಲ್ಲುವುದು ಈ ಹಲ್ಲುಗಳೇ. ಸ್ಯಾಕ್ಸೋಫೋನಿನಲ್ಲಂತೂ ಮೇಲಿನ ಹಲ್ಲುಗಳನ್ನು ಬಾಯಿತುಂಡಿನ ಮೇಲೆ ನೇರವಾಗಿ ಇಟ್ಟೇ ಊದಬೇಕು. ಅಲುಗಾಡುವ ಹಲ್ಲನ್ನು ಅಲ್ಲಿಡಲು ಯಾವ ಮಗು ಒಪ್ಪುತ್ತದೆ? ಒಪ್ಪದೆ ತುಟಿಯನ್ನು ಸೊಟ್ಟ ಮಾಡಿ, ದವಡೆ ಬಿಗಿದು ಊದಲು ಕಲಿಯುತ್ತದೆ. ಹಲ್ಲು ಬಂದ ಮೇಲೂ ಸೊಟ್ಟ ತುಟಿ ಹಾಗೆಯೇ ಉಳಿಯುತ್ತದೆ. ಹತ್ತು ಹನ್ನೊಂದು ವರ್ಷಕ್ಕೆ ನನ್ನ ಬಳಿ ಬರುವ ಮಕ್ಕಳಲ್ಲಿ, ಹಿಂದೆಂದೂ ಕೊಳಲು ಮುಟ್ಟದ ಮಗುವಿನ ತುಟಿ ತಿದ್ದುವುದು ಸುಲಭ. ಐದಕ್ಕೇ ಶುರುಮಾಡಿ ಬಂದ ಮಗುವಿನ ತುಟಿ ತಿದ್ದುವುದು ಯಾತನೆ, ನನಗಲ್ಲ, ಆ ಮಗುವಿಗೆ.

ಇನ್ನು ಬೆರಳು. ಆರು ವರ್ಷದ ಮಗುವಿನ ಕೈಯಲ್ಲಿ 24 ಇಂಚಿನ ಕೊಳಲು ಇಟ್ಟು ನೋಡಿ. ಎಡಗೈಯ ಮೂರು ಬೆರಳು ಮೇಲಿನ ಮೂರು ತೂತುಗಳನ್ನು ಹೇಗೋ ಮುಚ್ಚುತ್ತವೆ, ಷಡ್ಜ ಬರುತ್ತದೆ. ಮನೆಯವರ ಮುಖ ಅರಳುತ್ತದೆ, ಮೊಬೈಲ್ ಹೊರಬರುತ್ತದೆ. ಅಲ್ಲಿಂದ ಕೆಳಗೆ ಇಳಿಸಿ. ನಿಷಾದಕ್ಕೆ ನಾಲ್ಕನೇ ತೂತು, ಧೈವತಕ್ಕೆ ಐದನೆಯದು. ಬಲಗೈಯ ಉಂಗುರ ಬೆರಳು ಆರನೆಯದನ್ನು ತಲುಪಲು ಹೊರಟಾಗ ಮಣಿಕಟ್ಟು ತಿರುಚುತ್ತದೆ, ಭುಜ ಕಿವಿಯ ಬಳಿಗೆ ಏರುತ್ತದೆ, ಕೊಳಲು ಮೂತಿಯಿಂದ ಜಾರುತ್ತದೆ. ಬೆರಳಿನ ತಿರುಳು ತೂತಿನ ಮೇಲೆ ಕೂರುವುದಿಲ್ಲ, ತುದಿಯಷ್ಟೇ ತಾಗುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಮಂದ್ರ ಪಂಚಮ ಬರುವ ಬದಲು ಬರೀ ಸುಯ್ಯೆನ್ನುವ ಗಾಳಿ. ಮಗು ಇನ್ನಷ್ಟು ಜೋರಾಗಿ ಊದುತ್ತದೆ. ತೂತು ಮುಚ್ಚಿಲ್ಲವೆಂದು ಅದಕ್ಕೆ ಗೊತ್ತಾಗದು, ತನ್ನ ಉಸಿರು ಸಾಲದೆಂದೇ ಭಾವಿಸುತ್ತದೆ. ನಾಲ್ಕು ಸಲ ಹಾಗೆ ಊದಿದ ಮೇಲೆ "ತಲೆ ತಿರುಗ್ತಿದೆ" ಎಂದು ಕೂತುಬಿಡುತ್ತದೆ.

ಆ ತಲೆಸುತ್ತು ನಾಟಕವಲ್ಲ. ಕೊಳಲಿನಲ್ಲಿ ಉಸಿರಿಗೆ ಎದುರಾಗಿ ತಡೆಯುವ ಪೀಪಿ ಇಲ್ಲ. ಗಾಳಿ ಸರಾಗ ಹೊರಗೆ ಹರಿದುಹೋಗುತ್ತದೆ, ಅದರಲ್ಲಿ ಒಂದು ಪಾಲು ತೂತಿನ ಅಂಚು ದಾಟಿ ವ್ಯರ್ಥವೂ ಆಗುತ್ತದೆ. ಆರು ವರ್ಷದ ಮಗುವಿನ ಎದೆ ಒಂದು ಸಲಕ್ಕೆ ಹೊರಹಾಕಬಲ್ಲ ಗಾಳಿ ಹೆಚ್ಚೆಂದರೆ ಒಂದೂಕಾಲು ಲೀಟರಿನ ಆಸುಪಾಸು. ಹತ್ತರ ಹೊತ್ತಿಗೆ ಅದು ಎರಡು ಲೀಟರಿಗೆ ಹತ್ತಿರವಾಗುತ್ತದೆ, ಬೆಳೆದವರಲ್ಲಿ ಮೂರು ನಾಲ್ಕು ಲೀಟರ್. ಚಿಕ್ಕ ಎದೆ ಬೇಗ ಬರಿದಾಗುತ್ತದೆ, ಮಗು ಮತ್ತೆ ಮತ್ತೆ ಉಸಿರೆಳೆದು ಊದುತ್ತದೆ, ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ. ಇದರಿಂದ ಎದೆ ಕೆಟ್ಟುಹೋಗುತ್ತದೆ ಎಂದು ಅಜ್ಜಿಯಂದಿರು ಹೆದರಿಸುವುದುಂಟು, ಅದು ನಿಜವಲ್ಲ. ಆರೋಗ್ಯವಂತ ಮಗುವಿನ ಎದೆ ಕೊಳಲಿನಿಂದ ಕೆಡುವುದಿಲ್ಲ. ಆದರೆ ವಾದ್ಯ ಹಿಡಿದಾಗಲೆಲ್ಲ ತಲೆ ತಿರುಗುವುದು, ಸೋಲುವುದು ಎಂದು ಆ ಮಗುವಿಗೆ ಅಭ್ಯಾಸವಾದರೆ ಕೆಡುವುದು ಮನಸ್ಸು.

ಇದೇ ಎದೆಯ ಮಾತಿಗೆ ಇನ್ನೊಂದನ್ನು ಸೇರಿಸಬೇಕು. ಠಾಣೆ-ಬೇಲಾಪುರ ಕಾರ್ಖಾನೆ ಪಟ್ಟಿಯ ಪಕ್ಕದಲ್ಲೇ ಇರುವ ನಮ್ಮ ಊರಿನಲ್ಲಿ ಕೆಮ್ಮುವ, ಉಬ್ಬಸ ಪಡುವ ಮಕ್ಕಳು ಕಡಿಮೆಯಿಲ್ಲ. ಕೊಳಲು ಊದಿದರೆ ಉಬ್ಬಸ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಐದು ವರ್ಷದ ಮಗುವನ್ನು ಕರೆತರುತ್ತಾರೆ. ಕೊಳಲು ಔಷಧವಲ್ಲ. ಉಬ್ಬಸವಿರುವ ಮಗು ದೊಡ್ಡದಾದ ಮೇಲೆ ಧಾರಾಳವಾಗಿ ಕೊಳಲು ಕಲಿಯಬಹುದು, ಆದರೆ ಆ ಮಾತು ಮಕ್ಕಳ ಡಾಕ್ಟರ ಬಾಯಿಂದ ಬರಬೇಕು, ಸಂಗೀತದ ಟೀಚರ ಬಾಯಿಂದಲ್ಲ.

ಈಗ ಎದುರು ವಾದ. ನಾನು ಇಷ್ಟು ಹೇಳಿ ಮುಗಿಸುವ ಮೊದಲೇ ಹೆಸರುಗಳು ಸಾಲಾಗಿ ಬರುತ್ತವೆ. ಧಾರವಾಡದ ಪ್ರವೀಣ್ ಗೋಡ್ಖಿಂಡಿ ಮೂರು ವರ್ಷಕ್ಕೇ ಕೊಳಲು ಹಿಡಿದರಲ್ಲ? ರುದ್ರಪಟ್ಟಣದಲ್ಲಿ ಹುಟ್ಟಿದ ಶಶಾಂಕ್ ಆರಕ್ಕೆ ವೇದಿಕೆ ಏರಿದರಲ್ಲ? ಮಾಲಿ, ಅಂದರೆ ಟಿ.ಆರ್. ಮಹಾಲಿಂಗಂ, 1933ರಲ್ಲಿ ಮೈಲಾಪುರದಲ್ಲಿ ಮೊದಲ ಕಛೇರಿ ಮಾಡಿದಾಗ ಏಳು ವರ್ಷದ ಹುಡುಗ ತಾನೆ?

ಹೌದು. ಆದರೆ ಆ ಮನೆಗಳ ಒಳಗೆ ಹೋಗಿ ನೋಡಿ. ಗೋಡ್ಖಿಂಡಿಯವರ ಅಪ್ಪ ವೆಂಕಟೇಶ ಗೋಡ್ಖಿಂಡಿಯವರೇ ಕೊಳಲು ವಾದಕರು. ಶಶಾಂಕರಿಗೂ ಅಪ್ಪನೇ ಮೊದಲ ಗುರು. ಅಂಥ ಮನೆಯಲ್ಲಿ ಮಗುವಿಗೆ ಕ್ಲಾಸಿಲ್ಲ, ಫೀಸಿಲ್ಲ, ವಾರಕ್ಕೆ ಎರಡು ದಿನ ಎಂಬ ಲೆಕ್ಕವಿಲ್ಲ. ಬೇಕೆನಿಸಿದಾಗ ಎತ್ತಿಕೊಳ್ಳುತ್ತದೆ, ಬೇಡವಾದಾಗ ಇಟ್ಟುಬಿಡುತ್ತದೆ, ತುಟಿ ಸೊಟ್ಟಗಾದರೆ ಆ ಕ್ಷಣಕ್ಕೆ ತಿದ್ದಲು ಬಲ್ಲವರು ಪಕ್ಕದಲ್ಲೇ ಇರುತ್ತಾರೆ. ಮಾಲಿಯ ಕಥೆಯಂತೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅವರನ್ನು ಸೋದರಮಾವ ಜಾಲ್ರಾ ಗೋಪಾಲ ಅಯ್ಯರ್ ಕೂರಿಸಿದ್ದು ಹಾಡಲಿಕ್ಕೆ. ಕೊಳಲಿನ ಮೇಲೆ ಮನಸ್ಸು ಹೋದದ್ದು ಹುಡುಗನಿಗೆ ತಾನಾಗಿ, ಹಾಡಿ ಕಿವಿಗೆ ಇಳಿದಿದ್ದನ್ನು ಅವರು ಬಿದಿರಿನಲ್ಲಿ ತಾವೇ ಹುಡುಕಿಕೊಂಡರು. ಅವರು ಹಿಡಿದದ್ದೂ ಕರ್ನಾಟಕ ಸಂಗೀತದ ಗಿಡ್ಡ ಕೊಳಲು. ನವೀ ಮುಂಬಯಿಯ ಎರಡು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಯಾರೂ ಹಾಡದ, ಯಾರೂ ಊದದ ಮನೆಯ ಮಗುವಿಗೆ ವಾರಕ್ಕೆ ಎರಡು ಗಂಟೆ ಕೊಳಲು ಹಿಡಿಸಿ, ಮಾಲಿಯನ್ನು ಉದಾಹರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ನಮ್ಮ ಕರಾವಳಿಯ ನಾಗಸ್ವರದ ಮನೆಗಳಲ್ಲೂ ಚಿಕ್ಕ ಹುಡುಗರು ಅಪ್ಪನ ಬೆನ್ನಹಿಂದೆ ದೇವಸ್ಥಾನಕ್ಕೆ ಹೋಗುತ್ತಿದ್ದರು. ಹೋದ ಕೂಡಲೇ ಯಾರೂ ನಾಗಸ್ವರ ಬಾಯಿಗಿಡುತ್ತಿರಲಿಲ್ಲ. ತಾಳ ಹಾಕುವುದು, ಕೂತು ಕೇಳುವುದು, ಬಾಯಲ್ಲಿ ಹೇಳುವುದು, ಶ್ರುತಿ ಹಿಡಿಯುವುದು, ಆಮೇಲೆ ವಾದ್ಯ. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ತಂದೆ ತನಿಯಪ್ಪನವರಿಂದ ನಾಗಸ್ವರ ಕಲಿತವರು. ಸ್ಯಾಕ್ಸೋಫೋನ್ ಅವರ ಕಣ್ಣಿಗೆ ಬಿದ್ದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಆ ಪರದೇಶಿ ವಾದ್ಯದಲ್ಲಿ ಗಮಕ ನುಡಿಸಲು ಅವರು ವರ್ಷಗಟ್ಟಲೆ ಒದ್ದಾಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರನ್ನು ಕೇಳಿ ಜೊತೆಗೆ ನುಡಿಸಿದರು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ ಮಾಡಿದರು. ಇವತ್ತು ಕರಾವಳಿಯವರ ಮದುವೆಯೆಂದರೆ, ಮುಂಬಯಿಯಲ್ಲೂ, ಸ್ಯಾಕ್ಸೋಫೋನ್ ಬೇಕು. ಅದು ಗೋಪಾಲನಾಥರ ದೆಸೆಯಿಂದ ಬಂದ ಗೌರವ. ಆ ಮದುವೆ ಮಂಟಪದಲ್ಲಿ ನಿಂತು ಏಳು ವರ್ಷದ ಮಗನನ್ನು ತೋರಿಸಿ "ಇವನಿಗೂ ಒಂದು ತೆಗೆದುಕೊಡಬೇಕು" ಎನ್ನುವ ಅಪ್ಪಂದಿರಿಗೆ ನಾನು ಹೇಳುವುದು ಇಷ್ಟೆ. ಆಲ್ಟೊ ಸ್ಯಾಕ್ಸೋಫೋನಿನ ತೂಕ ಎರಡೂವರೆ ಕಿಲೋ ಹತ್ತಿರ, ಅದು ತೂಗುವುದು ಮಗುವಿನ ಕುತ್ತಿಗೆಗೆ. ಹನ್ನೊಂದು ಹನ್ನೆರಡರವರೆಗೆ ಕಾಯಿರಿ. ಬ್ಯಾಂಡ್ ಕಲಿಸುವುದನ್ನು ಶಾಲೆಯ ಪಾಠವಾಗಿಯೇ ಮಾಡಿಕೊಂಡಿರುವ ಅಮೆರಿಕದಲ್ಲೂ ಊದುವ ವಾದ್ಯಗಳನ್ನು ಸಾಮಾನ್ಯವಾಗಿ ಕೊಡುವುದು ಐದನೇ ಆರನೇ ತರಗತಿಯಲ್ಲಿ.

ತಡವಾಯಿತು ಎಂಬ ಭಯಕ್ಕೆ ಕೊಳಲಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಹರಿಪ್ರಸಾದ್ ಚೌರಾಸಿಯಾ ಪೈಲ್ವಾನರ ಮಗ. ಅಲಹಾಬಾದಿನಲ್ಲಿ ನೆರೆಮನೆಯ ಪಂಡಿತ ರಾಜಾರಾಮರ ಬಳಿ ಹಾಡುಗಾರಿಕೆ ಕಲಿಯಲು ಹೋದಾಗ ಅವರಿಗೆ 15 ವರ್ಷ. ಭೋಲಾನಾಥ ಪ್ರಸನ್ನರ ಬಳಿ ಕೊಳಲು ಕಲಿತದ್ದು ಅದಾದ ಮೇಲೆ. 1957ಕ್ಕೆ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಕಟಕ್ ಆಕಾಶವಾಣಿಯಲ್ಲಿ ಕೆಲಸ. ಹತ್ತು ವರ್ಷ ಮೊದಲೇ ಶುರುಮಾಡಿದವರು ಅವರಿಗಿಂತ ಎಷ್ಟು ಮುಂದೆ ಹೋದರು? ಮುಂದೆ ಮುಂಬಯಿಯಲ್ಲಿ, ಹೆಸರು ಬಂದ ಮೇಲೆ, ಗುರು ಅನ್ನಪೂರ್ಣಾದೇವಿಯವರ ಮುಂದೆ ಕೂತಾಗ ಹಿಂದಿನದನ್ನೆಲ್ಲ ಬಿಟ್ಟು ಹೊಸದಾಗಿ ಶುರುಮಾಡಿದರು. ಕೊಳಲು ಹಿಡಿಯುವ ಕೈಯನ್ನೇ ಬಲದಿಂದ ಎಡಕ್ಕೆ ಬದಲಿಸಿದರು. ಕೊಳಲನ್ನು ಖಯಾಲಿನ ಗಾಂಭೀರ್ಯಕ್ಕೆ ಏರಿಸಿದ, 32 ಇಂಚಿನ ದೊಡ್ಡ ಕೊಳಲನ್ನು ಕಛೇರಿಗೆ ತಂದ ಪನ್ನಾಲಾಲ್ ಘೋಷರು ಬಾಬಾ ಅಲ್ಲಾವುದ್ದೀನ್ ಖಾನರ ಶಿಷ್ಯರಾದದ್ದು 1947ರಲ್ಲಿ, 36ನೇ ವಯಸ್ಸಿನಲ್ಲಿ. ಅವರ ಪರಂಪರೆಯನ್ನು ಮುಂಬಯಿಯಲ್ಲಿ ಹಿಡಿದು ನಿಲ್ಲಿಸಿದವರು ನಮ್ಮ ಉತ್ತರ ಕನ್ನಡದ ಊರಿನ ಹೆಸರು ಹೊತ್ತವರು: ಅವರ ಶಿಷ್ಯ ಮತ್ತು ಅಳಿಯ ದೇವೇಂದ್ರ ಮುರ್ಡೇಶ್ವರ, ಆಮೇಲೆ ನಿತ್ಯಾನಂದ ಹಳದೀಪುರ. ಹಳದೀಪುರರಿಗೆ ಆರು ವರ್ಷಕ್ಕೇ ಕೊಳಲು ಕೊಟ್ಟವರು ಪನ್ನಾಲಾಲರ ಶಿಷ್ಯರೇ ಆಗಿದ್ದ ಅವರ ಅಪ್ಪ ನಿರಂಜನ ಹಳದೀಪುರ, ಮತ್ತೆ ನಾನು ಹೇಳಿದ ಆ ಮನೆಯ ಮಾತೇ. ಆ ನಿತ್ಯಾನಂದರೂ ನಲವತ್ತರ ಹತ್ತಿರ ಬಂದಾಗ ಅನ್ನಪೂರ್ಣಾದೇವಿಯವರ ಎದುರು ಮತ್ತೆ ವಿದ್ಯಾರ್ಥಿಯಾಗಿ ಕೂತರು. ಬೇಗ ಶುರುವಾದವರನ್ನೂ ತಡವಾಗಿ ಬಂದವರನ್ನೂ ಬೆಳೆಸಿದ್ದು ಗುರು ಮತ್ತು ಸಾಧನೆ.

ಕಿವಿಯ ವಾದ ಒಂದಿದೆ, ಅದನ್ನು ನಾನು ಗೌರವದಿಂದ ಕೇಳುತ್ತೇನೆ. ಆರೇಳು ವರ್ಷದೊಳಗೆ ಸಂಗೀತ ಕಲಿತವರಿಗೆ ಯಾವ ಸ್ವರ ಕೇಳಿದರೂ ಅದರ ಹೆಸರು ಹೇಳುವ ಶಕ್ತಿ ಬರುವುದು ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ಆ ಶಕ್ತಿ ಪಿಯಾನೊದವರಿಗೆ ಉಪಯೋಗ. ನಮ್ಮ ಸಂಗೀತದಲ್ಲಿ ಷಡ್ಜವನ್ನು ಬೇಕಾದಲ್ಲಿ ನಿಲ್ಲಿಸಿಕೊಳ್ಳುತ್ತೇವೆ, ಅಲ್ಲಿಂದ ಗಾಂಧಾರ ಎಷ್ಟು ದೂರ ಎಂದು ತಿಳಿದರೆ ಸಾಕು. ಆ ದೂರವನ್ನು ಚಿಕ್ಕಂದಿನಲ್ಲೇ ತಿಳಿಯುವುದು ಒಳ್ಳೆಯದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ದೇವರು ಎಲ್ಲ ಮಕ್ಕಳಿಗೂ ಕೊಟ್ಟಿರುವ ವಾದ್ಯ ಗಂಟಲು. ತಂಬೂರದ ಮುಂದೆ ಕೂತು ಸರಳೆ ವರಸೆ ಹಾಡಲಿ, ದೇವರನಾಮ ಹಾಡಲಿ, ಭೂಪಾಲಿಯ ಸ್ವರಗೀತೆ ಹಾಡಲಿ, ಕೈಯಲ್ಲಿ ತಾಳ ಹಾಕಲಿ. ಆರರಿಂದ ಒಂಬತ್ತರವರೆಗೆ ಹೀಗೆ ಹಾಡಿದ ಮಗುವಿನ ಕೈಗೆ ಕೊಳಲು ಕೊಟ್ಟರೆ, ಸ್ವರ ತಪ್ಪಿದ ಕೂಡಲೇ ಅದರ ಮುಖ ಹುಳ್ಳಗಾಗುತ್ತದೆ. ನಾನು ಹೇಳುವ ಮೊದಲೇ ತುಟಿಯನ್ನು ತಾನೇ ತಿರುಗಿಸಿಕೊಂಡು ಸರಿಮಾಡಿಕೊಳ್ಳುತ್ತದೆ. ಹಾಡದೆ ನೇರ ಕೊಳಲಿಗೆ ಬಂದ ಮಗು ಬೆರಳನ್ನು ನೋಡುತ್ತದೆ, ಪುಸ್ತಕವನ್ನು ನೋಡುತ್ತದೆ, ಸ್ವರವನ್ನು ಕೇಳುವುದಿಲ್ಲ. ಇಂಥ ಮಗು ಮೂರು ವರ್ಷ ಕೊಳಲು ಹಿಡಿದು ಕಲಿತದ್ದನ್ನು, ಹಾಡಿ ಬಂದ ಹತ್ತು ವರ್ಷದ ಮಗು ಕೆಲವು ತಿಂಗಳಲ್ಲಿ ದಾಟಿ ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹಾಗಾದರೆ ಆ ಮೂರು ವರ್ಷ ಯಾರಿಗೆ ಲಾಭ? ಇಲ್ಲಿ ನನ್ನ ವೃತ್ತಿಯವರಿಗೆ ನೇರವಾಗಿ ಹೇಳಬೇಕು. ಐದು ವರ್ಷದ ಮಗುವನ್ನು ಸೇರಿಸಿಕೊಂಡರೆ ಮೂರು ವರ್ಷದ ಹೆಚ್ಚಿನ ಫೀಸು, ವಾರ್ಷಿಕೋತ್ಸವದ ವೇದಿಕೆಯಲ್ಲಿ ಚಪ್ಪಾಳೆ, ಚೀಟಿಯ ಮೇಲೆ ಹಾಕಲು ಒಂದು ಮುದ್ದಾದ ಫೋಟೊ. ಮಗುವಿಗೆ ಉಳಿಯುವುದು ನೋವು ಬಂದ ಮಣಿಕಟ್ಟು. ಬಹಳ ಮಕ್ಕಳು ಒಂಬತ್ತು ಹತ್ತರ ಹೊತ್ತಿಗೆ, ಮೈ ವಾದ್ಯಕ್ಕೆ ತಯಾರಾದ ಹೊತ್ತಿಗೇ, ಕೊಳಲು ಬಿಟ್ಟುಬಿಡುತ್ತಾರೆ. ಬಿಡುವಾಗ "ನಂಗೆ ಮ್ಯೂಸಿಕ್ ಬರಲ್ಲ" ಎಂಬ ತೀರ್ಮಾನವನ್ನು ಜೊತೆಗೆ ಒಯ್ಯುತ್ತಾರೆ. ಆ ತೀರ್ಮಾನವನ್ನು ಜೀವನಪೂರ್ತಿ ಹೊತ್ತು ತಿರುಗುವ ದೊಡ್ಡವರನ್ನು ನಾವೆಲ್ಲ ಕಂಡಿದ್ದೇವೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇಲ್ಲಿನ ಪೋಷಕರ ಆತುರಕ್ಕೆ ಇನ್ನೊಂದು ಕಾರಣ ಅಂಕ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ತರಗತಿಯಲ್ಲಿ ಶಾಸ್ತ್ರೀಯ ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದವರಿಗೆ ಹೆಚ್ಚುವರಿ ಅಂಕ ಸಿಗುತ್ತದೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ನಮಗೆ ದೂರದವೂ ಅಲ್ಲ, ಮಂಡಳದ ಕಟ್ಟಡ ಪಕ್ಕದ ವಾಶಿಯಲ್ಲೇ ಇದೆ. ಹತ್ತನೇ ತರಗತಿಯಿಂದ ಹಿಂದಕ್ಕೆ ಎಣಿಸುತ್ತ ಬಂದು ಅಪ್ಪ ಅಮ್ಮ ಯುಕೆಜಿಗೆ ಮುಟ್ಟುತ್ತಾರೆ. ಲೆಕ್ಕವನ್ನೇ ಸರಿಯಾಗಿ ಮಾಡೋಣ. ಹತ್ತು ವರ್ಷಕ್ಕೆ ಶುರುಮಾಡಿದ ಮಗುವಿಗೆ ಹತ್ತನೇ ತರಗತಿಗೆ ಐದು ವರ್ಷ ಇರುತ್ತದೆ. ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಈ ಮೂರಕ್ಕೂ ಅದು ಬೇಕಾದಷ್ಟಾಯಿತು. ಆ ಮಗು ಅಷ್ಟರಲ್ಲಿ ಹಾಡುಗಾರಿಕೆಯಲ್ಲಿ ಒಂದೆರಡು ಪರೀಕ್ಷೆ ಮುಗಿಸಿಯೂ ಇರಬಹುದು. ಅಂಕದ ಆಸೆಗೂ ಆರು ವರ್ಷದ ಬೆರಳನ್ನು ಹಿಗ್ಗಿಸುವ ಅಗತ್ಯವಿಲ್ಲ.

ಯಾವ ವಯಸ್ಸು ಎಂದು ಒತ್ತಿ ಕೇಳಿದರೆ, ಕೊಳಲಿಗೆ ಒಂಬತ್ತು ಹತ್ತು ಎನ್ನುತ್ತೇನೆ. ಹುಟ್ಟಿದ ದಿನಾಂಕಕ್ಕಿಂತ ಮಗುವನ್ನು ನೋಡಿ ಹೇಳುವುದು ಸರಿ. ಮೇಲಿನ ಮುಂದಿನ ಹಲ್ಲುಗಳು ಗಟ್ಟಿಯಾಗಿ ನಿಂತಿರಬೇಕು. ಸಾಧಾರಣ ಅಳತೆಯ ಕೊಳಲಿನ ಕೆಳಗಿನ ಮೂರು ತೂತುಗಳನ್ನು ಬಲಗೈ ಮಣಿಕಟ್ಟು ತಿರುಚದೆ ಮುಚ್ಚಬೇಕು. ಒಂದೇ ಉಸಿರಿನಲ್ಲಿ ಷಡ್ಜವನ್ನು ಅಲುಗದೆ ಹಾಡಿ ಹಿಡಿಯಬೇಕು. ಎಲ್ಲಕ್ಕಿಂತ ಮೊದಲು ಮಗು ತಾನಾಗಿ ಕೇಳಬೇಕು. ಇವು ಎಂಟಕ್ಕೇ ಕೂಡಿಬಂದ ಮಗುವಿಗೆ ನಾನೇ ಕೊಳಲು ಕೊಟ್ಟಿದ್ದೇನೆ, ಹನ್ನೊಂದಕ್ಕೂ ಕೂಡಿಬರದ ಮಗುವಿಗೆ ಇನ್ನೊಂದು ವರ್ಷ ಹಾಡು ಎಂದಿದ್ದೇನೆ. ಹದಿನೈದರಲ್ಲಿ, ಇಪ್ಪತ್ತೈದರಲ್ಲಿ ಬಂದವರನ್ನು ನಾನು ವಾಪಸು ಕಳಿಸಿಲ್ಲ, ಕಳಿಸುವುದೂ ಇಲ್ಲ.

ಆರು ವರ್ಷದ ಮಗು ಸ್ಟೇಷನ್ ಹತ್ತಿರ ಕೋಲಿಗೆ ಕೊಳಲು ಸಿಕ್ಕಿಸಿಕೊಂಡು ಮಾರುವವನ ಬಳಿ ಒಂದನ್ನು ಬೇಕೆಂದು ಹಟ ಮಾಡಿದರೆ ಖಂಡಿತ ಕೊಡಿಸಿ. ಮನೆಯಲ್ಲಿ ಬೇಕಾದ ಹಾಗೆ ಊದಿ ಆಡಲಿ, ಕ್ಲಾಸಿಗೆ ಮಾತ್ರ ಹಚ್ಚಬೇಡಿ. ನನ್ನ ಜೊತೆ ಈ ಊರಿನಲ್ಲಿ ಕೊಳಲು, ಸ್ಯಾಕ್ಸೋಫೋನ್ ಕಲಿಸುವವರಲ್ಲಿ ಒಂದು ಬೇಡಿಕೆ: ಮುಂದಿನ ಜೂನ್‌ಗೆ ಚೀಟಿ ಅಚ್ಚು ಹಾಕಿಸುವಾಗ ಆ ನಾಲ್ಕು ವರ್ಷದ ಸಾಲನ್ನು ತೆಗೆಸಿ, ಒಂಬತ್ತು ಎಂದು ಬರೆಸಿ. ಅದಕ್ಕಿಂತ ಚಿಕ್ಕವರು ಬಂದರೆ ಪಕ್ಕದ ಹಾಡಿನ ಟೀಚರ ಮನೆಯ ವಿಳಾಸ ಕೊಡಿ. ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಮಕ್ಕಳ ಕಾರ್ಯಕ್ರಮ ಇಡುವ ನಮ್ಮ ಕನ್ನಡ ಸಂಘಗಳ ಹಿರಿಯರಲ್ಲೂ ಅದೇ ವಿನಂತಿ: ಆ ವಯಸ್ಸಿನ ಮಕ್ಕಳನ್ನು ವೇದಿಕೆಗೆ ಕರೆಯುವುದಾದರೆ ಹಾಡಲು ಕರೆಯಿರಿ.